ಜೆ.ಸಿ. ರೋಡಿನ ಗ್ಯಾರೇಜು, ಎಡಗಡೆ ಸ್ಟೇರಿಂಗಿನ ಜೀಪು

ನಮ್ಮದು ಹಳೇ ವಿಲ್ಲಿಸ್ ಜೀಪು, ಸ್ಟೇರಿಂಗ್ ಎಡಗಡೆ. ಜೆ.ಸಿ. ರೋಡ್ ಪಕ್ಕದ ಗಲ್ಲಿಯ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿದೆ. ಕೆಲಸ ಚೊಕ್ಕ, ಸ್ಟೇರಿಂಗಿನ ಪ್ಲೇ (ಸಡಿಲ ಆಟ) ಪೂರ್ತಿ ಹೋಗಿದೆ. ಬಲಕ್ಕೆ ಬದಲಾಯಿಸಿ ಅಂತ ತಲೆ ತಿನ್ನಲಿಲ್ಲ, ಅದೇ ಖುಷಿ.

ಅಮೆರಿಕದಲ್ಲಿ ಇದರ ಉಲ್ಟಾ. ಹಳ್ಳಿ ಕಡೆ ಟಪಾಲು ಹಂಚುವ ಕೆಲವರು ಬೇಕಂತಲೇ ಬಲಗಡೆ ಸ್ಟೇರಿಂಗಿನ ಗಾಡಿ ಹುಡುಕಿ ಕೊಳ್ಳುತ್ತಾರೆ, ಯಾಕಂದ್ರೆ ಡಬ್ಬಿಗಳು ರಸ್ತೆಯ ಬಲಬದಿಗಿರುತ್ತವೆ, ಕೂತಲ್ಲಿಂದಲೇ ಕಿಟಕಿಯಿಂದ ಕೈ ಚಾಚಿ ಕಾಗದ ಹಾಕಬಹುದು. ಇನ್ನು ಕೆಲವರಿಗೆ ಬಲಗಡೆ ಸ್ಟೇರಿಂಗಿನ ಜಪಾನಿನ ಹಳೇ ಕಾರುಗಳ ಹುಚ್ಚು. ಕಾರಿಗೆ 25 ವರ್ಷ ತುಂಬಿದರೆ ಅಮೆರಿಕಕ್ಕೆ ತರಿಸಿಕೊಳ್ಳುವುದು ಸುಲಭ.

ನನಗೂ ಫುಟ್‌ಪಾತ್ ಕಡೆಗೇ ಇಳಿಯುವ ಸುಖ ಇದೆ, ಅಲ್ವಾ? ಆದ್ರೆ ಕನಕಪುರ ರಸ್ತೆಯಲ್ಲಿ ಬಸ್ಸಿನ ಹಿಂದೆ ಸಿಕ್ಕಿಕೊಂಡರೆ ಎದುರು ಏನೂ ಕಾಣುವುದಿಲ್ಲ, ಪಕ್ಕದಲ್ಲಿ ಕೂತವರು ಇಣುಕಿ ಹೇಳಬೇಕು. ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಲು ಜಾಗ ಕಮ್ಮಿ, ಬೆಳಿಗ್ಗೆ ಬೇಗ ಹೋಗಿ.