ಮೂರು ವರ್ಷ ಕ್ರಿಟಾ ಬಳಸಿದ ಮೇಲೆ ಉಳಿದದ್ದು ನಾಲ್ಕೇ ಬ್ರಷ್

ಫೋಟೋ ನೋಡಿಕೊಂಡು ಡಿಜಿಟಲ್ ಚಿತ್ರ ಬರೆಯುವುದು ನನ್ನ ಹವ್ಯಾಸ. ಮೂರು ವರ್ಷದಿಂದ ಕ್ರಿಟಾ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರ್‌ನಲ್ಲೇ ಬರೆಯುತ್ತಿದ್ದೇನೆ. ಉಚಿತ, ಓಪನ್ ಸೋರ್ಸ್. ಹಾಕಿಕೊಂಡ ದಿನವೇ ರಾಶಿ ಬ್ರಷ್ ಸಿಗುತ್ತವೆ. ಅದೂ ಸಾಲದು ಅಂತ ಒಂದು ಬ್ರಷ್ ಪ್ಯಾಕ್ ಕೊಂಡೆ. ಎಲ್ಲ ಸಾಫ್ಟ್‌ವೇರ್‌ನಲ್ಲೂ ನಡೆಯುತ್ತದೆ ಅಂತ ಬರೆದಿತ್ತು. ಒಳಗಿದ್ದದ್ದು ಎಬಿಆರ್, ಅಂದರೆ ಫೋಟೋಶಾಪ್‌ನ ಬ್ರಷ್ ಫೈಲ್. ಅದರಿಂದ ಕ್ರಿಟಾಗೆ ಬರುವುದು ತುದಿಯ ಆಕಾರ ಮಾತ್ರ, ಪೆನ್ನಿನ ಒತ್ತಡದ ಸೆಟ್ಟಿಂಗ್ ಯಾವುದೂ ಬರುವುದಿಲ್ಲ. ಎಣ್ಣೆಬಣ್ಣದ ಬ್ರಷ್ ಅಂದುಕೊಂಡದ್ದು ರಬ್ಬರ್ ಸ್ಟಾಂಪ್ ಒತ್ತಿದ ಹಾಗೆ ಬಿತ್ತು.

ಸಿಟ್ಟಿನಲ್ಲಿ ನಾನೇ ಒಂದು ಮಾಡಲು ಕೂತೆ. ಹಳೆ ಬ್ರಷ್ಷಿಗೆ ಕಪ್ಪು ಬಣ್ಣ ಹಚ್ಚಿ ಬಿಳಿ ಹಾಳೆ ಮೇಲೆ ಒತ್ತಿದೆ, ಸ್ಕ್ಯಾನ್ ಮಾಡಿ ತುದಿಯಾಗಿ ಸೇರಿಸಿದೆ. ಎಫ್5 ಒತ್ತಿದರೆ ಬ್ರಷ್ ಎಡಿಟರ್ ಬರುತ್ತದೆ. ಅಲ್ಲಿ ಬಣ್ಣ ಎಳೆದು ಬೆರೆಸುವ ಕಲರ್ ಸ್ಮಡ್ಜ್ ಎಂಜಿನ್ ಆರಿಸಿದೆ. ಸ್ಮಡ್ಜ್ ಲೆಂಗ್ತ್ ಏರಿಸಿದಷ್ಟೂ ಕೆಳಗಿನ ಬಣ್ಣ ದೂರ ಎಳೆಯುತ್ತದೆ, ಕಲರ್ ರೇಟ್ ಏರಿಸಿದರೆ ನಮ್ಮ ಬಣ್ಣ ಜಾಸ್ತಿ ಬೀಳುತ್ತದೆ. ಕಲರ್ ರೇಟನ್ನು ಪೆನ್ನಿನ ಒತ್ತಡಕ್ಕೆ ಜೋಡಿಸಿದೆ. ಈಗ ಮೆಲ್ಲಗೆ ಸವರಿದರೆ ಬೆರೆಯುತ್ತದೆ, ಒತ್ತಿದರೆ ಬಣ್ಣ ಕೂರುತ್ತದೆ. ಕೆನ್ನೆಯಲ್ಲಿ ಬೆಳಕು ನೆರಳಿಗೆ ತಿರುಗುವ ಜಾಗಕ್ಕೆ ಇದೊಂದೇ ಸಾಕು. ತುದಿ ಗೆರೆಯ ದಿಕ್ಕಿಗೆ ತಿರುಗುವಂತೆಯೂ ಮಾಡಿಕೊಳ್ಳಿ. ಇಲ್ಲದಿದ್ದರೆ ಒಂದೇ ಗುರುತು ಸಾಲಾಗಿ ಕಂಡು ಗುಟ್ಟು ರಟ್ಟಾಗುತ್ತದೆ. ಇಷ್ಟೆಲ್ಲ ಮಾಡಿ, ಹೊಸ ಹೆಸರಿನಲ್ಲಿ ಸೇವ್ ಮಾಡಲು ಮರೆತು ಮೊದಲ ಬ್ರಷ್ ಕಳೆದುಕೊಂಡೆ ಅನ್ನಿ!

ಮೊದಲ ವರ್ಷ ಫೋಟೋವನ್ನೇ ಕೆಳಗಿನ ಲೇಯರ್‌ನಲ್ಲಿಟ್ಟು ಅದರ ಮೇಲೆ ತಿಕ್ಕುತ್ತಿದ್ದೆ. ಬೇಗ ಮುಗಿಯುತ್ತಿತ್ತು, ಆದರೆ ಫಿಲ್ಟರ್ ಹಾಕಿದ ಫೋಟೋ ಥರ ಕಾಣುತ್ತಿತ್ತು. ಈಗ ಫೋಟೋ ಪಕ್ಕದಲ್ಲಿ ಇರುತ್ತದೆ, ರೆಫರೆನ್ಸ್ ಇಮೇಜ್ ಆಗಿ. ಕಣ್ಣು ಕಿರಿದು ಮಾಡಿ ನೋಡಿ, ಅಗಲದ ಚಪ್ಪಟೆ ಬ್ರಷ್ಷಿನಲ್ಲಿ ಮೂರು ನಾಲ್ಕು ಛಾಯೆಗಳನ್ನಷ್ಟೇ ಹಾಕುತ್ತೇನೆ. ಎಲ್ಲ ಬಣ್ಣವನ್ನೂ ಫೋಟೋದಿಂದ ಹೆಕ್ಕುವುದಿಲ್ಲ. ಕ್ಯಾಮೆರಾದಲ್ಲಿ ನೆರಳು ಬರೀ ಕಪ್ಪಾಗಿ ಬಿಡುತ್ತದೆ, ಅಲ್ವಾ? ಅಲ್ಲಿ ಸ್ವಲ್ಪ ಕಂದು ಇಲ್ಲವೇ ನೀಲಿ ಸೇರಿಸಿದರೆ ಮುಖಕ್ಕೆ ಜೀವ ಬರುತ್ತದೆ.

ದೊಡ್ಡ ಕ್ಯಾನ್ವಾಸಿನಲ್ಲಿ ದೊಡ್ಡ ಸ್ಮಡ್ಜ್ ಬ್ರಷ್ ಎಳೆದರೆ ನನ್ನ ಹಳೆ ಲ್ಯಾಪ್‌ಟಾಪ್ ತಡವರಿಸುತ್ತದೆ. ಹಾಗಾಗಿ ಮೊದಲ ಹಂತ ಚಿಕ್ಕ ಅಳತೆಯಲ್ಲಿ ಮುಗಿಸಿ, ಆಮೇಲೆ ಹಿಗ್ಗಿಸುತ್ತೇನೆ.

ಈಗ ಬಳಸುವುದು ನಾಲ್ಕು: ಆ ಚಪ್ಪಟೆ ಬ್ರಷ್, ನಾನೇ ಮಾಡಿದ ಬೆರೆಸುವ ಬ್ರಷ್, ಗಡಸು ಅಂಚಿನ ದುಂಡನೆಯದು, ಕಣ್ಣಿನ ಹೊಳಪಿಗೊಂದು ಸಣ್ಣದು. ಕೂದಲಿಗೆ ಅಂತ ಐದನೆಯದೂ ಇತ್ತು. ಯಾರ ತಲೆ ಬರೆದರೂ ಈಗಷ್ಟೇ ಬಾಚಿಕೊಂಡು ಬಂದವರ ಹಾಗೆ ಕಾಣುತ್ತಿದ್ದರು, ಅಳಿಸಿಬಿಟ್ಟೆ.