ಎಸ್‌ಎಸ್‌ಐ ಪಡೆಯುವ ಹಿರಿಯರು ಊರಿಗೆ ಹೊರಡುವ ಮುನ್ನ: 30 ದಿನ ತುಂಬಿದರೆ ಹಣ ನಿಲ್ಲುತ್ತದೆ

ಅಮೆರಿಕದಲ್ಲಿ ಮಕ್ಕಳ ಜೊತೆಗಿದ್ದು ಎಸ್‌ಎಸ್‌ಐ (ಆದಾಯ, ಆಸ್ತಿ ಕಡಿಮೆಯಿರುವ ಹಿರಿಯರಿಗೆ, ಅಂಗವಿಕಲರಿಗೆ ಅಮೆರಿಕ ಸರ್ಕಾರ ತಿಂಗಳು ತಿಂಗಳು ಕೊಡುವ ನೆರವು) ಪಡೆಯುತ್ತಿರುವ ಅಪ್ಪ-ಅಮ್ಮಂದಿರಿಗೆ ಟಿಕೆಟ್ ಬುಕ್ ಮಾಡುವ ಮುಂಚೆ ದಯವಿಟ್ಟು ಇದನ್ನು ಓದಿ ಹೇಳಿ.

ಸಿಟಿಜನ್ ಆಗಿರುವ ಒಬ್ಬ ತಾಯಿ ಮದುವೆಗೆಂದು 2025ರ ಫೆಬ್ರವರಿ 10ಕ್ಕೆ ಮೈಸೂರಿಗೆ ಹೊರಟು ಮಾರ್ಚ್ 25ಕ್ಕೆ ವಾಪಸಾದರು. ಈ ಹಣ ಕೊಡುವ ಸೋಶಿಯಲ್ ಸೆಕ್ಯುರಿಟಿ ಆಫೀಸಿಗೆ ಯಾರೂ ತಿಳಿಸಲಿಲ್ಲ. ಮಾರ್ಚ್, ಏಪ್ರಿಲ್ ಹಣ ಎಂದಿನಂತೆ ಖಾತೆಗೆ ಬಿತ್ತು. ಆಮೇಲೆ ಬಂದ ಪತ್ರದಲ್ಲಿ ಮಾರ್ಚ್‌ನದು ಪೂರ್ತಿ, ಏಪ್ರಿಲ್‌ನದು ಬಹುಪಾಲು ವಾಪಸ್ ಕಟ್ಟಿ ಎಂದಿತ್ತು. ಆ ವರ್ಷ ಒಬ್ಬರಿಗೆ ಫೆಡರಲ್ ಗರಿಷ್ಠ ಮೊತ್ತ ತಿಂಗಳಿಗೆ 967 ಡಾಲರ್. ಕೂಡಿಟ್ಟ ಹಣವೇ ಇಲ್ಲದವರಿಗೆ ಇದು ದೊಡ್ಡ ಹೊರೆ.

ಯಾವ ತಿಂಗಳೂ ಪೂರ್ತಿ ಹೊರಗಿರಲಿಲ್ಲವಲ್ಲ ಎನ್ನಬಹುದು. ಆದರೆ ನಿಯಮ ಎರಡಿವೆ: ಕ್ಯಾಲೆಂಡರ್ ತಿಂಗಳು ಪೂರ್ತಿ ಹೊರಗಿದ್ದರೆ ಆ ತಿಂಗಳ ಹಣವಿಲ್ಲ, ಸತತ 30 ದಿನ ಹೊರಗಿದ್ದರೆ, ಮರಳಿ ಬಂದು ಸತತ 30 ದಿನ ಇಲ್ಲೇ ಇರುವವರೆಗೂ ನೀವು ಹೊರಗಿದ್ದಂತೆಯೇ ಲೆಕ್ಕ. ಈ ಎರಡನೆಯದೇ ಎಲ್ಲರನ್ನೂ ಸಿಕ್ಕಿಸುವುದು. ಅವರು ಮನೆಯಲ್ಲೇ ಇದ್ದ ಏಪ್ರಿಲ್‌ನ ಮೊದಲ ಮೂರು ವಾರಗಳೂ ಹೀಗೇ ಹೋದವು.

ಗೊಂದಲ ಹುಟ್ಟುವುದು ಎರಡು ಕಡೆಯಿಂದ. ಆರು ತಿಂಗಳೊಳಗೆ ಬಂದರಾಯಿತು ಎಂಬುದು ಗ್ರೀನ್ ಕಾರ್ಡಿನ ಮಾತು, ಇದಕ್ಕೆ ಸಂಬಂಧವಿಲ್ಲ. ದುಡಿದು ತೆರಿಗೆ ಕಟ್ಟಿ ಗಳಿಸಿದ ಸೋಶಿಯಲ್ ಸೆಕ್ಯುರಿಟಿ ನಿವೃತ್ತಿ ಹಣ ಸಿಟಿಜನ್‌ಗಳಿಗೆ ಭಾರತದಲ್ಲಿದ್ದರೂ ಬರುತ್ತದೆ. ಎಸ್‌ಎಸ್‌ಐ ಕೊಡುವುದೂ ಅದೇ ಇಲಾಖೆ, ಆದರೆ ಅದು ಅಮೆರಿಕದೊಳಗೆ ಇರುವವರಿಗೆ ಮಾತ್ರ.

30 ದಿನ ತುಂಬುವುದು ಖಚಿತವಾದರೆ ಹೊರಡುವ ಮೊದಲೇ ಸೋಶಿಯಲ್ ಸೆಕ್ಯುರಿಟಿಯ 1-800-772-1213ಕ್ಕೆ ಕರೆ ಮಾಡಿ ಎರಡೂ ತಾರೀಖು ತಿಳಿಸಿ, ಮಾತಾಡಿದವರ ಹೆಸರು ಬರೆದಿಟ್ಟುಕೊಳ್ಳಿ. ಬೋರ್ಡಿಂಗ್ ಪಾಸ್ ಎಸೆಯಬೇಡಿ; ಪಾಸ್‌ಪೋರ್ಟ್ ಮುದ್ರೆಯ ಜೊತೆ ಅದೂ ಪುರಾವೆ. ಎಸ್‌ಎಸ್‌ಐ ಜೊತೆಗೇ ಮೆಡಿಕೇಡ್ (ಕಡಿಮೆ ಆದಾಯದವರಿಗೆ ಸರ್ಕಾರದ ಆರೋಗ್ಯ ವಿಮೆ) ಸಿಕ್ಕಿದ್ದರೆ ಅದರ ಗತಿಯನ್ನೂ ಕೇಳಿ. ಸತತ 12 ತಿಂಗಳು ನಿಂತುಹೋದರೆ ಹೊಸದಾಗಿ ಅರ್ಜಿ ಹಾಕಬೇಕು.

ಪತ್ರ ಈಗಾಗಲೇ ಬಂದಿದ್ದರೆ ಸುಮ್ಮನಿರಬೇಡಿ. ಲೆಕ್ಕ ತಪ್ಪೆನಿಸಿದರೆ 60 ದಿನದೊಳಗೆ ಎಸ್‌ಎಸ್‌ಎ-561 ನಮೂನೆಯಲ್ಲಿ ಮರುಪರಿಶೀಲನೆ ಕೇಳಿ. ಲೆಕ್ಕ ಸರಿಯಿದ್ದು ಕಟ್ಟಲು ಶಕ್ತಿಯಿಲ್ಲದಿದ್ದರೆ ಮನ್ನಾ ಕೋರಲು ಎಸ್‌ಎಸ್‌ಎ-632 ಇದೆ. ಅದರಲ್ಲಿ ತಪ್ಪು ನಿಮ್ಮದಲ್ಲವೆಂದೂ ತೋರಿಸಬೇಕು, ಮೊದಲೇ ತಿಳಿಸದವರಿಗೆ ಅದು ಕಷ್ಟ.

ಊರಲ್ಲಿದ್ದಾಗ ಭಾಗಪತ್ರಕ್ಕೆ ಸಹಿ ಹಾಕುವಾಗಲೂ ಯೋಚಿಸಿ. ಒಬ್ಬರಿಗೆ ಆಸ್ತಿ ಮಿತಿ ಬರೀ 2,000 ಡಾಲರ್. ನಿಮ್ಮ ಹೆಸರಿಗೆ ಬಂದ ಸೈಟು, ಬ್ಯಾಂಕಿನ ಎಫ್‌ಡಿ ಭಾರತದಲ್ಲಿದ್ದರೂ ಎಣಿಕೆಗೆ ಬರುತ್ತವೆ, ಅವನ್ನೂ ತಿಳಿಸಲೇಬೇಕು.