ತುಂಬಿದ ಸೈಟಿನಲ್ಲಿ ಪಾಯ ಹಾಕುವ ಮೊದಲು ಇದನ್ನು ಓದಿ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಗದ್ದೆ ತುಂಬಿಸಿ ಮಾಡಿದ ಲೇಔಟಿನಲ್ಲಿ ಸೈಟ್ ನೋಡುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಗಂಗಾವತಿ ಹೊರವಲಯದ ನಮ್ಮ ಮನೆ ಕಟ್ಟಿ ಮುಗಿದ ಮರುವರ್ಷವೇ ಹಿಂಭಾಗ ಕುಸಿಯತೊಡಗಿತು. ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿತು. ಬಚ್ಚಲ ಬಾಗಿಲು ಹಾಕಲು ಬರದಂತಾಯಿತು. ನೆಲಕ್ಕೂ ಗೋಡೆಗೂ ನಡುವೆ ಬೆರಳು ಹೋಗುವಷ್ಟು ಸಂದು.

ಮಣ್ಣಿನ ಬಗ್ಗೆ ಮಾರಿದವರನ್ನು ಮೊದಲೇ ಕೇಳಿದ್ದೆವು. "ರೋಲರ್ ಹೊಡೆಸಿದ್ದೇವೆ, ಎರಡು ಮಳೆಗಾಲ ಕಂಡ ಮಣ್ಣು, ಕಲ್ಲಿನ ಹಾಗೆ ಕೂತಿದೆ" ಅಂದರು. ಮೇಲೆ ನಿಂತು ನೋಡಿದರೆ ನಿಜಕ್ಕೂ ಹಾಗೇ ಇತ್ತು. ಹಾರೆ ಹಾಕಿದರೂ ಇಳಿಯದ ಮರಂ, ಅಂದರೆ ಗರಸು ಮಣ್ಣು.

ಬಿರುಕು ಬಂದ ಮೇಲೆ ಬೇರೊಬ್ಬ ಎಂಜಿನಿಯರ್ ಹಿಂದಿನ ಗೋಡೆ ಪಕ್ಕ ತೆಗ್ಗು ತೋಡಿಸಿದರು. ಮೇಲಿನ ಎರಡಡಿ ಮಾತ್ರ ಮರಂ. ಕೆಳಗೆ ಎರೆಮಣ್ಣಿನ ಹೆಂಟೆ, ನಡುನಡುವೆ ಟೊಳ್ಳು, ಇಟ್ಟಿಗೆ ಚೂರು, ಪ್ಲಾಸ್ಟಿಕ್ ಚೀಲ, ಕೊಳೆತ ಭತ್ತದ ಹುಲ್ಲು. ಟಿಪ್ಪರ್‌ನಲ್ಲಿ ತಂದು ಸುರಿದು, ಎಲ್ಲ ತುಂಬಿದ ಮೇಲೆ ರೋಲರ್ ಓಡಿಸಿದ್ದರು ಅಷ್ಟೇ. ಹಾಗೆ ಮಾಡಿದರೆ ಮೇಲಿನ ಪದರ ಮಾತ್ರ ಗಟ್ಟಿಯಾಗುತ್ತದೆ. ಆಳದ ಮಣ್ಣು ಸುರಿದ ಹಾಗೇ ಉಳಿಯುತ್ತದೆ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಗದ್ದೆ ಅಂದರೆ ಮಡಿ ಮಡಿಯಾಗಿ ಇಳಿಯುತ್ತದೆ ಅಲ್ವಾ? ಹಳೆಯ ಬದು ನಮ್ಮ ಸೈಟಿನ ನಡುವೆಯೇ ಹಾದುಹೋಗಿತ್ತು. ಮುಂದೆ ತುಂಬಿದ್ದು ಎರಡಡಿ, ಹಿಂದೆ ಏಳಡಿ. ಫೂಟಿಂಗ್, ಅಂದರೆ ಪಿಲ್ಲರ್ ಕೆಳಗಿನ ಪಾಯ, ಎಲ್ಲ ಕಡೆ ಐದಡಿ ಆಳ. ಮುಂದಿನ ಪಿಲ್ಲರ್‌ಗಳು ಹಳೆ ನೆಲದ ಮೇಲೆ ನಿಂತವು, ಹಿಂದಿನವು ತುಂಬಿದ ಮಣ್ಣಿನಲ್ಲೇ ಉಳಿದವು. ಇಡೀ ಮನೆ ಒಂದೇ ಸಮ ಇಳಿದಿದ್ದರೆ ಗೋಡೆ ಇಷ್ಟು ಸೀಳುತ್ತಿರಲಿಲ್ಲ.

"ಎರಡು ಮಳೆಗಾಲ ಕಂಡ ಮಣ್ಣು" ಎಂಬ ಮಾತನ್ನು ನಂಬಲೇಬೇಡಿ. ನಮ್ಮ ಭಾಗಕ್ಕೆ ವರ್ಷಕ್ಕೆ ಬೀಳುವುದೇ ಸುಮಾರು 600 ಮಿ.ಮೀ. ಮೇಲೆ ಗಟ್ಟಿ ಮರಂ ಇದ್ದರೆ ಆ ನೀರೂ ಹೆಚ್ಚಾಗಿ ಹರಿದು ಹೋಗುತ್ತದೆ. ಒಣಗಿದ ಹೆಂಟೆ ಭಾರ ತಡೆಯುತ್ತದೆ, ಅದಕ್ಕೇ ಕಟ್ಟುವಾಗ ಏನೂ ಗೊತ್ತಾಗುವುದಿಲ್ಲ. ಜನ ವಾಸಕ್ಕೆ ಬಂದ ಮೇಲೆ ಬಚ್ಚಲ ನೀರು, ಸಂಪಿನ ಸೋರಿಕೆ, ಇಂಗುಗುಂಡಿ, ಪಕ್ಕದ ಗದ್ದೆಗೆ ಬಿಟ್ಟ ಕಾಲುವೆ ನೀರು ಎಲ್ಲವೂ ಒಳಗಿಳಿಯುತ್ತವೆ. ಹೆಂಟೆ ನೆಂದು ಕುಸಿದು ಟೊಳ್ಳು ತುಂಬಿಕೊಳ್ಳುತ್ತದೆ, ನೆಲ ಇಳಿಯುತ್ತದೆ. ಎರೆಮಣ್ಣು ನೆಂದಾಗ ಉಬ್ಬಿ ಒಣಗಿದಾಗ ಬಿರಿಯುವುದು ಬೇರೆ. ನಮ್ಮಲ್ಲಿ ಮೊದಲು ಇಳಿದಿದ್ದು ಬಚ್ಚಲ ಮೂಲೆ.

ಸರಿಯಾಗಿ ತುಂಬುವವರು ಮೊದಲು ಹುಲ್ಲು, ಬೇರು, ಕೆಸರು ತೆಗೆಸುತ್ತಾರೆ. ಒಳ್ಳೆ ಮರಂ ಅನ್ನು 20–25 ಸೆಂ.ಮೀ. ಪದರವಾಗಿ ಹಾಸಿ, ಹದವಾಗಿ ನೀರು ಹಾಕಿ, ಪ್ರತಿ ಪದರಕ್ಕೂ ರೋಲರ್ ಹೊಡೆಸುತ್ತಾರೆ. ಮಣ್ಣು ತೀರಾ ಒಣಗಿದ್ದರೂ ಕೂರುವುದಿಲ್ಲ, ನೀರು ಜಾಸ್ತಿಯಾದರೂ ಕೂರುವುದಿಲ್ಲ. ಆಮೇಲೆ ಸಣ್ಣ ಗುಂಡಿ ತೋಡಿ, ತೆಗೆದ ಮಣ್ಣನ್ನು ತೂಗಿ, ಗುಂಡಿಗೆ ಒಣ ಮರಳು ಸುರಿದು ಅದರ ಅಳತೆ ಹಿಡಿಯುತ್ತಾರೆ. ಹೀಗೆ ಸಿಕ್ಕ ಒಣ ಸಾಂದ್ರತೆ (ನೀರಿನ ತೂಕ ಬಿಟ್ಟು ಮಣ್ಣು ಎಷ್ಟು ಒತ್ತಾಗಿ ಕೂತಿದೆ ಎಂಬ ಲೆಕ್ಕ), ಅದೇ ಮಣ್ಣನ್ನು ಲ್ಯಾಬಿನಲ್ಲಿ ಬಡಿದು ನೋಡುವ ಪ್ರಾಕ್ಟರ್ ಪರೀಕ್ಷೆಯ ಗರಿಷ್ಠ ಸಾಂದ್ರತೆಯ 95% ಆದರೂ ಇರಬೇಕು ಎಂದು ಸಾಮಾನ್ಯವಾಗಿ ಕೇಳುತ್ತಾರೆ. ಮಾರುವವರಿಂದ ಪದರವಾರು ಈ ರಿಪೋರ್ಟ್ ಕೇಳಿ. ರೋಲರ್ ಓಡುವ ವಿಡಿಯೋ ತೋರಿಸಿದರೆ ಸಾಲದು.

ರಿಪೋರ್ಟ್ ಇಲ್ಲವಾ? ಅಡ್ವಾನ್ಸ್ ಕೊಡುವ ಮೊದಲೇ ಸೈಟಿನ ಎರಡು ತುದಿಯಲ್ಲೂ, ಫೂಟಿಂಗ್ ಬಾರದ ಜಾಗ ನೋಡಿ, ಹಳೆ ನೆಲ ಸಿಗುವವರೆಗೆ ಜೆಸಿಬಿಯಿಂದ ತೋಡಿಸಿ. ಬೇಡ ಅಂದರೆ ಆ ಸೈಟನ್ನೇ ಬಿಡಿ. ಪಾಯ ತುಂಬಿದ ಮಣ್ಣು ದಾಟಿ ಹಳೆ ನೆಲ ಮುಟ್ಟಲಿ. ಅಲ್ಲೂ ಎರೆಮಣ್ಣೇ ಇದ್ದರೆ, ತುದಿಯಲ್ಲಿ ಬಲ್ಬಿನಂತೆ ಅಗಲವಾಗುವ ಅಂಡರ್‌ರೀಮ್ಡ್ ಪೈಲ್ ಬಗ್ಗೆ ಎಂಜಿನಿಯರ್ ಹತ್ತಿರ ಮಾತಾಡಿ. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ಬೆಳೆಸಿದ ವಿಧಾನ ಅದು.

ಈಗಾಗಲೇ ಇಂಥ ಮನೆಯಲ್ಲಿರುವವರು ಬಿರುಕಿಗೆ ಸುಮ್ನೆ ಸಿಮೆಂಟ್ ಮೆತ್ತಬೇಡಿ. ಮೊದಲು ಪೈಪು, ಸಂಪು ಸೋರುತ್ತಿದೆಯಾ ನೋಡಿ. ಮಳೆನೀರು ಗೋಡೆಯಿಂದ ದೂರ ಹೋಗಲಿ. ಬಿರುಕಿನ ಮೇಲೆ ಅಡ್ಡಲಾಗಿ ಗಾಜಿನ ತುಂಡು ಅಂಟಿಸಿ ದಿನಾಂಕ ಬರೆದಿಡಿ. ಗಾಜು ಒಡೆದರೆ ಮನೆ ಇನ್ನೂ ಇಳಿಯುತ್ತಿದೆ ಎಂದರ್ಥ, ಎಂಜಿನಿಯರನ್ನು ಕರೆಸಲು ತಡ ಮಾಡಬೇಡಿ.